ಒಂದು ದಿನ, ಆರು ಘಾಟಿ

ಬೈಕಿನ ದೀರ್ಘದೂರ ಸವಾರಿಗೆ ಲೋಕದಲ್ಲಿ ನೆಲೆನಿಂತಿರುವ ಮೊದಲ ಅಳತೆ 24 ಗಂಟೆಯೊಳಗೆ ಸಾವಿರ ಮೈಲಿ, ಅಂದರೆ ಸುಮಾರು 1,610 ಕಿಲೋಮೀಟರ್. ಇದನ್ನು ರೂಢಿಗೆ ತಂದದ್ದು ಅಮೆರಿಕದ ಐರನ್ ಬಟ್ ಅಸೋಸಿಯೇಷನ್. ಸಾವಿರ ಮೈಲಿಯ ಈ ಸವಾರಿಯನ್ನು ಅವರು ಸ್ಯಾಡಲ್‌ಸೋರ್ ಎನ್ನುತ್ತಾರೆ. ಅದರ ಮೇಲಿನ ಮೆಟ್ಟಿಲು 36 ಗಂಟೆಯಲ್ಲಿ 1,500 ಮೈಲಿ. ಅದೂ ಸಾಲದವರಿಗೆ 11 ದಿನಗಳಲ್ಲಿ 11,000 ಮೈಲಿ ಓಡಿಸುವ ರ‍್ಯಾಲಿ ಇದೆ. ಆ ರ‍್ಯಾಲಿ ಶುರುವಾದದ್ದು 1984ರಲ್ಲಿ. ಭಾರತದಲ್ಲಿ ಸುವರ್ಣ ಚತುಷ್ಕೋನದ ಅಗಲ ಹೆದ್ದಾರಿಗಳು ಸಿದ್ಧವಾದ ಮೇಲೆ ಈ ಹುಚ್ಚು ಇಲ್ಲಿಗೂ ಬಂತು. ಬೆಂಗಳೂರಿನ ಸವಾರರು ನಡುರಾತ್ರಿ ಹೊರಟು ಪುಣೆಯ ಸಮೀಪದ ತನಕ ಹೋಗಿ, ಅಲ್ಲಿ ಒಂದು ಚಹಾ ಕುಡಿದು, ಹೋದ ದಾರಿಯಲ್ಲೇ ಮರಳುತ್ತಾರೆ. ಪುಣೆಯಲ್ಲಿ ಅವರಿಗೆ ಕೆಲಸವೇನೂ ಇರುವುದಿಲ್ಲ.

ಇದು ಪಂದ್ಯವಲ್ಲ. ಮೊದಲು ಬಂದವನು, ಆಮೇಲೆ ಬಂದವನು ಎಂಬ ಲೆಕ್ಕ ಇದರಲ್ಲಿಲ್ಲ. ಮುಗಿಸಿದವನು, ಮುಗಿಸದವನು ಎಂದಷ್ಟೇ. ಆದರೆ ಮುಗಿಸಿದ್ದಕ್ಕೆ ಕಾಗದದ ಸಾಕ್ಷಿ ಬೇಕು. ಹೊರಡುವಾಗ ಒಬ್ಬರು, ಮುಗಿಸುವಾಗ ಒಬ್ಬರು ರುಜು ಹಾಕುವ ರೂಢಿಯಿದೆ. ದಾರಿಯುದ್ದಕ್ಕೂ ಪೆಟ್ರೋಲ್ ಬಂಕಿನ ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಂಡು, ಒಂದೊಂದರ ಮೇಲೂ ಆ ಹೊತ್ತಿಗೆ ಮೀಟರ್ ತೋರಿಸಿದ ಕಿಲೋಮೀಟರ್ ಬರೆಯಬೇಕು. ಬಿಲ್ಲಿನಲ್ಲಿ ಊರು, ತಾರೀಕು, ಗಂಟೆ ಮೂರೂ ಇರುವುದರಿಂದ ಅದೇ ಪ್ರಯಾಣದ ದಾಖಲೆ. ನಮ್ಮ ಬಂಕುಗಳ ಬಿಲ್ಲಿನ ಶಾಯಿ ಬೆವರು ತಾಗಿದರೆ ಮಾಸುತ್ತದೆ; ಅಂಗಿಯ ಜೇಬಿನಲ್ಲಿಟ್ಟವನು ಊರಿಗೆ ಮುಟ್ಟುವಾಗ ಬಿಳಿ ಚೀಟಿಗಳ ಒಡೆಯನಾಗಿರುತ್ತಾನೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆಗಾಗಲೇ ಫೋಟೊ ತೆಗೆದುಕೊಳ್ಳುವುದು ಅನುಭವಸ್ಥರ ಕ್ರಮ. ಪಂದ್ಯವಲ್ಲ ಎಂಬ ಮಾತಿಗೆ ಕಾನೂನಿನ ಅರ್ಥವೂ ಇದೆ: ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಸ್ಪರ್ಧೆ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಶಿಕ್ಷಾರ್ಹ.

ಲೆಕ್ಕ ಹಾಕಿ ನೋಡಿದರೆ ಈ ಸವಾರಿಯ ನಿಜವಾದ ಕಷ್ಟ ತಿಳಿಯುತ್ತದೆ. 1,610ನ್ನು 24ರಿಂದ ಭಾಗಿಸಿದರೆ ಗಂಟೆಗೆ 67 ಕಿಲೋಮೀಟರ್. ಏನು ಮಹಾ ಎನ್ನಿಸುತ್ತದೆ. ಆದರೆ ಪೆಟ್ರೋಲಿಗೆ ಆರು ಸಲವಾದರೂ ನಿಲ್ಲಬೇಕು. ಸಲಕ್ಕೆ ಕಾಲು ಗಂಟೆಯಂತೆ ಒಂದೂವರೆ ಗಂಟೆ ಅಲ್ಲಿಗೆ ಹೋಯಿತು. ಊಟ, ತಿಂಡಿ, ದೇಹಬಾಧೆ, ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು ಎಂದು ಇನ್ನೊಂದೂವರೆ ಗಂಟೆ ಹಿಡಿದರೆ ಉಳಿಯುವುದು 21 ಗಂಟೆ. ಆಗ ಸರಾಸರಿ 77ಕ್ಕೆ ಏರುತ್ತದೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಂತೆ ನಡುವೆ ವಿಭಜಕವಿರುವ ಚತುಷ್ಪಥ ರಸ್ತೆಯಲ್ಲಿ ಬೈಕಿಗೆ ಗರಿಷ್ಠ ವೇಗ 80, ಬೇರೆ ರಸ್ತೆಗಳಲ್ಲಿ 60. ಮೂರು ಕಿಲೋಮೀಟರಿನ ಈ ಅಂತರವನ್ನು ನುಂಗಲು ಒಂದು ಊರಿನ ಸಂತೆ, ಎರಡು ಹಂಪು, ರಸ್ತೆ ದಾಟುವ ಒಂದು ಕುರಿಮಂದೆ ಸಾಕು. ಇನ್ನು ಇದ್ದುದರಲ್ಲಿ ನುಣುಪಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಸಾವಿರ ಮೈಲಿಯನ್ನು ಸಲೀಸಾಗಿ ಮುಗಿಸಿದೆ ಎಂದು ಹೇಳುವವನು ಎಷ್ಟೋ ಕಡೆ 80ರ ಮಿತಿ ದಾಟಿಯೇ ಇರುತ್ತಾನೆ. ಅವನು ಅದನ್ನು ಹೇಳುವುದಿಲ್ಲ, ಕೇಳುವವರೂ ಕೇಳುವುದಿಲ್ಲ.

ಹೊಟ್ಟೆಪಾಡಿಗೆ ಗಾಡಿ ಓಡಿಸುವವರಿಗೆ ಕಾನೂನು ಇಷ್ಟು ಸಡಿಲ ಬಿಟ್ಟಿಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯೇ ಬಸ್ಸು, ಲಾರಿಯ ಚಾಲಕನ ಸಾಮಾನ್ಯ ಮಿತಿಯನ್ನು ದಿನಕ್ಕೆ 8 ಗಂಟೆ, ವಾರಕ್ಕೆ 48 ಎಂದು ಗೊತ್ತುಮಾಡಿತ್ತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕಿತ್ತು. ಸಂಬಳ ಕೊಟ್ಟು ಯಾರಿಂದಲೂ ಮಾಡಿಸಬಾರದ ಕೆಲಸವನ್ನು ಬೈಕಿನವನು ತನ್ನದೇ ದುಡ್ಡು ಸುರಿದು, ರಜೆ ಹಾಕಿ ಮಾಡುತ್ತಾನೆ.

ಕರಾವಳಿಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಗೆ ಬಂದರೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ. ಮೂರೂ ಊರು ಸೇರಿ ಒಂದು ತ್ರಿಕೋನ. ಬಂಟ್ವಾಳದ ಬಿ.ಸಿ. ರೋಡಿನಿಂದ ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಯ ಮೇಲೆ ಬೆಳ್ತಂಗಡಿ; ಗುರುವಾಯನಕೆರೆಗೆ ಹಿಂದೆ ಬಂದು ವೇಣೂರಿನ ಮೇಲೆ ಮೂಡುಬಿದಿರೆ; ಅಲ್ಲಿಂದ ಸಿದ್ಧಕಟ್ಟೆಯಾಗಿ ಮತ್ತೆ ಬಂಟ್ವಾಳ. ಒಂದು ಸುತ್ತಿಗೆ ನೂರು ಕಿಲೋಮೀಟರಿನ ಆಸುಪಾಸು. ಈ ಸುತ್ತಿನಲ್ಲಿ 1794ರಲ್ಲಿ ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆಯನ್ನು ಹೊತ್ತ ಗಡಾಯಿಕಲ್ಲು ಇದೆ, 1604ರಲ್ಲಿ ಅಜಿಲರು ನಿಲ್ಲಿಸಿದ ವೇಣೂರಿನ ಗೊಮ್ಮಟ ಇದ್ದಾನೆ, 1430ರ ಸಾವಿರ ಕಂಬದ ಬಸದಿ ಇದೆ. ಸಮಯ ಕಟ್ಟಿಕೊಂಡು ಹೊರಟ ಸವಾರನಿಗೆ ಇವು ಮೂರೂ ಕಾಣುವುದಿಲ್ಲ. ಅವನಿಗೆ ಕಾಣುವುದು ಮುರಕಲ್ಲಿನ ಧರೆ ಕೊರೆದು ಮಾಡಿದ ತಿರುವು, ತಿರುವಿನಾಚೆಯಿಂದ ಹಾರ್ನು ಹೊಡೆಯುತ್ತ ನುಗ್ಗಿ ಬರುವ ಖಾಸಗಿ ಬಸ್ಸು, ಶಾಲೆಯ ಎದುರಿನ ಹಂಪು, ಅಡಿಕೆ ತೋಟದಿಂದ ದಾರಿಗೆ ಹರಿದ ನೀರು. ಈ ರಸ್ತೆಗಳಲ್ಲಿ ಗಂಟೆಗೆ 40ರ ಸರಾಸರಿ ಬಂದರೆ ಅದೇ ದೊಡ್ಡದು.

ಹಾಗೆಂದು ಈ ಊರುಗಳಿಂದ ದೂರ ಹೋಗಲು ದಾರಿಗೆ ಬರವಿಲ್ಲ. ಬಂಟ್ವಾಳದಿಂದ ವೆಲ್ಲೂರಿನ ವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ಹತ್ತುತ್ತದೆ. ಮಡಿಕೇರಿ, ಮೈಸೂರಿನ ಮೇಲೆ ಬೆಂಗಳೂರು ಮುಟ್ಟುವ 275 ಕೂಡ ಈ ತಾಲ್ಲೂಕಿನಿಂದಲೇ ಕವಲೊಡೆದು ಸಂಪಾಜೆ ಘಾಟಿ ಹತ್ತುತ್ತದೆ. ಮಂಗಳೂರಿನಿಂದ ತುಮಕೂರಿಗೆ ಹೋಗುವ 73 ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಹತ್ತುತ್ತದೆ. ಮಂಗಳೂರು-ಶಿವಮೊಗ್ಗದ 169 ಮೂಡುಬಿದಿರೆ, ಕಾರ್ಕಳ ದಾಟಿ ಮಾಳದ ಘಾಟಿ ಹತ್ತುತ್ತದೆ. ಬಿ.ಸಿ. ರೋಡಿನಿಂದ ಮೂಡಣಕ್ಕೆ ಯಾವ ದಾರಿ ಹಿಡಿದರೂ ಸ್ವಲ್ಪ ಹೊತ್ತಿನಲ್ಲಿ ಒಂದು ಘಟ್ಟ ಎದುರಾಗುತ್ತದೆ. ಘಟ್ಟ ಬಂತೆಂದರೆ ಸರಾಸರಿ ಕುಸಿಯಿತು.

ಬಂಟ್ವಾಳದಿಂದ ಸಾವಿರ ಮೈಲಿ ಮಾಡಲೇಬೇಕೆಂದಿದ್ದರೆ ದಾರಿ ಹೀಗಿದೆ: ಶಿರಾಡಿ ಹತ್ತಿ ಹಾಸನ, ನೆಲಮಂಗಲ, ಅಲ್ಲಿಂದ ಬಡಗಣಕ್ಕೆ ತಿರುಗಿ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿಯ ಮೇಲೆ ಬೆಳಗಾವಿಯ ಆಚೆ ತನಕ ಹೋಗಿ, ಅದೇ ದಾರಿಯಲ್ಲಿ ಮರಳಬೇಕು. ನೆಲಮಂಗಲದ ಆಚೆಯ ಹೆದ್ದಾರಿ ಚೆನ್ನಾಗಿದೆ; ತೊಡಕಿರುವುದು ಈಚೆಗೆ. ಶಿರಾಡಿಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಬೇಕು, ಎರಡರಲ್ಲೊಂದು ಕತ್ತಲೆಯಲ್ಲೇ ಆಗುತ್ತದೆ. ಈ ದಾರಿಯನ್ನು ಮನೆಯ ಹಿರಿಯರ ಮುಂದೆ ಬಿಡಿಸಿ ಹೇಳುವುದೂ ಕಷ್ಟ. ಬೆಳಗಾವಿಗೆ ಹೋಗಲು ಯಲ್ಲಾಪುರದ ಮೇಲೆ ಹತ್ತಿರದ ದಾರಿ ಇರುವಾಗ ನೆಲಮಂಗಲ ಸುತ್ತಿ ಯಾಕೆ ಹೋಗುವುದು, ಹೋದ ಮೇಲೆ ಒಂದು ದಿನವಾದರೂ ನಿಲ್ಲದೆ ಯಾಕೆ ಬರುವುದು ಎಂದು ಅವರು ಕೇಳಿದರೆ ಉತ್ತರವಿಲ್ಲ.

ಕರಾವಳಿಯ ಸವಾರರಿಗೆ ಒಪ್ಪುವ ಒಂದು ದಿನದ ಸಾಹಸ ಬೇರೆಯೇ ಇದೆ, ಅದನ್ನು ಅಳೆಯುವುದು ಕಿಲೋಮೀಟರಿನಿಂದಲ್ಲ, ಘಾಟಿಗಳಿಂದ. ಇದರ ಸಣ್ಣ ರೂಪ ಎಲ್ಲರಿಗೂ ಗೊತ್ತಿರುವುದೇ: ಬೆಳ್ತಂಗಡಿಯ ಮೇಲೆ ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕಾಫಿ ತೋಟಗಳ ನಡುವೆ ಕಳಸ, ಸಂಸೆ, ಕುದುರೆಮುಖ ದಾಟಿ, ಎಸ್.ಕೆ. ಬಾರ್ಡರಿನಿಂದ ಮಾಳಕ್ಕೆ ಇಳಿದು, ಬಜಗೋಳಿ, ಕಾರ್ಕಳ, ಮೂಡುಬಿದಿರೆಯಾಗಿ ಬಂಟ್ವಾಳಕ್ಕೆ ಮರಳುವುದು. 250 ಕಿಲೋಮೀಟರಿನ ಸುಮಾರಿಗೆ ಮುಗಿಯುತ್ತದೆ. ಬೆಳಿಗ್ಗೆ ಹೊರಟವರು ಸಂಜೆಗೆ ಮನೆಯಲ್ಲಿರುತ್ತಾರೆ. ಇದು ಸುಖದ ಸವಾರಿ, ಸಹನೆಯ ಪರೀಕ್ಷೆಯಲ್ಲ.

ಪರೀಕ್ಷೆ ಬೇಕಾದವರು ನಕ್ಷೆಯ ಮೇಲೆ ಇನ್ನೊಂದು ಸುತ್ತು ಕಟ್ಟಬಹುದು. ಬಿ.ಸಿ. ರೋಡಿನಿಂದ ಮಾಣಿ, ಪುತ್ತೂರು, ಸುಳ್ಯದ ಮೇಲೆ ಸಂಪಾಜೆ ಹತ್ತಿ ಮಡಿಕೇರಿ. ಸೋಮವಾರಪೇಟೆಯ ಮೇಲೆ ಹೋಗಿ ಬಿಸಿಲೆ ಘಾಟಿ ಇಳಿದರೆ ಸುಬ್ರಹ್ಮಣ್ಯ. ಗುಂಡ್ಯಕ್ಕೆ ಬಂದು ಶಿರಾಡಿ ಹತ್ತಿದರೆ ಸಕಲೇಶಪುರ. ಮೂಡಿಗೆರೆ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದರೆ ಬೆಳ್ತಂಗಡಿ. ಗುರುವಾಯನಕೆರೆ, ನಾರಾವಿ, ಬಜಗೋಳಿಯ ಮೇಲೆ ಮಾಳದ ಘಾಟಿ ಹತ್ತಿ ಕೆರೆಕಟ್ಟೆ, ಶೃಂಗೇರಿ. ಕೊನೆಗೆ ಆಗುಂಬೆ ಇಳಿದು ಹೆಬ್ರಿ, ಕಾರ್ಕಳ, ಮೂಡುಬಿದಿರೆ, ಬಂಟ್ವಾಳ. ಮೂರು ಸಲ ಹತ್ತುವುದು, ಮೂರು ಸಲ ಇಳಿಯುವುದು. ಯಾವ ಘಾಟಿಯೂ ಎರಡನೇ ಸಲ ಬರುವುದಿಲ್ಲ. ಎಲ್ಲ ಸೇರಿ ಸುಮಾರು 600 ಕಿಲೋಮೀಟರ್. ಬಯಲುಸೀಮೆಯ ಸವಾರನಿಗೆ ಈ ಅಂಕಿ ಹೇಳಿದರೆ ಮಧ್ಯಾಹ್ನದ ಊಟಕ್ಕೆ ಮುಗಿಯಿತಲ್ಲ ಎಂದಾನು. ಘಾಟಿ, ತೋಟ, ಪೇಟೆ ಎಲ್ಲ ಕೂಡಿಸಿ ಗಂಟೆಗೆ 35 ದಕ್ಕಿದರೆ ಬೈಕಿನ ಮೇಲಿನ ಹೊತ್ತೇ 17 ಗಂಟೆ ದಾಟುತ್ತದೆ. ಚತುಷ್ಪಥದಲ್ಲಿ 1,200 ಕಿಲೋಮೀಟರ್ ಓಡಿಸುವಷ್ಟು ಹೊತ್ತು ಅದು. ದುಡಿಮೆ ಅದಕ್ಕಿಂತ ಹೆಚ್ಚು, ಏಕೆಂದರೆ ನೇರ ರಸ್ತೆಯಲ್ಲಿ ಕೈಕಾಲಿಗೆ ಕೆಲಸವೇ ಇಲ್ಲ. ಇಲ್ಲಿ ಕ್ಲಚ್ಚು, ಗೇರು, ಬ್ರೇಕು ಮೂರಕ್ಕೂ ಬಿಡುವಿಲ್ಲ. ಆಗುಂಬೆಯ 14 ಹಿಮ್ಮುರಿ ತಿರುವುಗಳು ದಿನದ ಕೊನೆಗೆ, ಬೆರಳು ಮಡಚಲು ಬಾರದಿರುವ ಹೊತ್ತಿಗೆ ಬರುತ್ತವೆ.

ಈ ಸುತ್ತಿನ ಗಡಿಯಾರವನ್ನು ನಿರ್ಧರಿಸುವುದು ಅರಣ್ಯ ಇಲಾಖೆ. ಮಾಳದ ಮೇಲಿನ ದಾರಿ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿಂದ ಹೋಗುತ್ತದೆ. ತನಿಖಾ ಠಾಣೆಯಲ್ಲಿ ವಾಹನ ಒಳಹೊಕ್ಕ ಸಮಯ ಬರೆಯುತ್ತಾರೆ; ನಡುವೆ ನಿಲ್ಲುವಂತಿಲ್ಲ, ತಿನ್ನುವಂತಿಲ್ಲ. ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತ ಮೇಲೆ ಈ ದಾರಿಯಲ್ಲಿ ಜನಸಂಚಾರವೂ ಕಡಿಮೆ, ಕತ್ತಲಾದ ಮೇಲೆ ಕಾಟಿಗಳದ್ದೇ ರಾಜ್ಯ. ಹಾಗಾಗಿ ಹಗಲು ಇರುವಾಗಲೇ ಬಜಗೋಳಿ ಬಿಡಬೇಕು. ಅದರಿಂದ ಹಿಂದಕ್ಕೆ ಎಣಿಸಿದರೆ ಮಧ್ಯಾಹ್ನ ಮೂರೂವರೆಗೆ ಬೆಳ್ತಂಗಡಿ, ಹನ್ನೆರಡಕ್ಕೆ ಸಕಲೇಶಪುರ, ಹತ್ತಕ್ಕೆ ಸುಬ್ರಹ್ಮಣ್ಯ, ಏಳಕ್ಕೆ ಮಡಿಕೇರಿ, ನಾಲ್ಕಕ್ಕೆ ಬಿ.ಸಿ. ರೋಡು. ಎಲ್ಲೋ ಒಂದು ಕಡೆ ಪಂಕ್ಚರ್ ಆಯಿತೆಂದರೆ ಮಾಳದ ಆಸೆ ಬಿಟ್ಟು ಬೆಳ್ತಂಗಡಿಯಿಂದ ಮನೆಗೆ ಹೋಗುವುದೇ ಸರಿ. ಎಲ್ಲ ಸರಿಯಾಗಿ ನಡೆದರೂ, ಸೂರ್ಯಾಸ್ತಕ್ಕೆ ಹೆಸರಾದ ಆಗುಂಬೆಯನ್ನು ಇವರು ಮುಟ್ಟುವುದು ಸೂರ್ಯ ಮುಳುಗಿದ ಮೇಲೆ.

ನಾಲ್ಕು ಗಂಟೆಯ ಬಂಟ್ವಾಳ ತಾಲ್ಲೂಕು ಖಾಲಿಯಾಗಿರುವುದಿಲ್ಲ. ರಬ್ಬರ್ ತೋಟಗಳಲ್ಲಿ ತಲೆಗೆ ದೀಪ ಕಟ್ಟಿಕೊಂಡವರು ಮರದಿಂದ ಮರಕ್ಕೆ ಹೋಗುತ್ತಿರುತ್ತಾರೆ, ಪೇಪರಿನ ವ್ಯಾನು ಬಂಡಲು ಎಸೆಯುತ್ತ ಹೋಗುತ್ತದೆ, ಹಾಲಿನ ಗಾಡಿ ಹೊರಟಿರುತ್ತದೆ. ಸ್ವಲ್ಪ ಬೆಳಕಾದರೆ ಮಂಗಳೂರಿನ ದಕ್ಕೆಯಿಂದ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಎಂ80, ಟಿವಿಎಸ್ ಎಕ್ಸೆಲ್‌ನವರು ಒಳನಾಡಿಗೆ ಬರುತ್ತಾರೆ. ಮಂಜುಗಡ್ಡೆ ಕರಗುವ ಮೊದಲು ಮೀನು ಮಾರಿ ಮುಗಿಯಬೇಕಾದ ಇವರು ಮಳೆಗಾಲ, ಬೇಸಿಗೆ ಎನ್ನದೆ ದಿನಾ ಹಳ್ಳಿಯಿಂದ ಹಳ್ಳಿಗೆ ಹಾರ್ನು ಹೊಡೆಯುತ್ತ ಸುತ್ತುತ್ತಾರೆ. ನಾಲ್ಕುನೂರು ಸಿಸಿಯ ಗಾಡಿ, ಮೊಣಕಾಲಿಗೆ ಕವಚ, ಕೈಗೆ ದುಬಾರಿ ಗ್ಲೌಸು ಹಾಕಿಕೊಂಡವರು ಈ ಮನುಷ್ಯನನ್ನು ಹಿಂದೆ ಹಾಕುವಾಗ ಹಾರ್ನು ಮಾಡದಿದ್ದರೆ ಒಳ್ಳೆಯದು. ದೀರ್ಘ ಸವಾರಿಯಲ್ಲಿ ಅವನೇ ಹಿರಿಯ.

ಘಾಟಿ ಇಳಿಯುವ ಕಲೆ ಹತ್ತುವುದಕ್ಕಿಂತ ದೊಡ್ಡದು. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು ಎಂಬುದು ಲಾರಿ ಚಾಲಕರ ಹಳೆಯ ನಿಯಮ, ಬೈಕಿಗೂ ಅದು ಸಲ್ಲುತ್ತದೆ. ಪೆಟ್ರೋಲ್ ಉಳಿಸಲೆಂದು ಇಂಜಿನ್ ಬಂದ್ ಮಾಡಿ ನ್ಯೂಟ್ರಲಿನಲ್ಲಿ ಜಾರಿಸುವ ಚಾಳಿ ಇನ್ನೂ ಇದೆ; ಇಂಜಿನ್ನಿನ ತಡೆ ಇಲ್ಲದಾಗ ಬ್ರೇಕಿನ ಮೇಲೆಯೇ ಎಲ್ಲ ಭಾರ ಬಿದ್ದು ಕಾದು, ಬೇಕಾದ ತಿರುವಿನಲ್ಲಿ ಅದು ಹಿಡಿಯುವುದಿಲ್ಲ. ಬಿಸಿಲೆಯ ನೆರಳಿನ ದಾರಿಯಲ್ಲಿ ತರಗೆಲೆ, ಪಾಚಿ. ಶಿರಾಡಿಯ ಕಾಂಕ್ರೀಟು 2015, 2018ರಲ್ಲಿ ಎರಡು ಹಂತಗಳಲ್ಲಿ ಹಾಕಿದ್ದು. ಹೊಂಡದ ಕಾಟ ತಪ್ಪಿತು, ಆದರೆ ದಾರಿ ನುಣ್ಣಗಾದಷ್ಟೂ ಬುಲೆಟ್ ಟ್ಯಾಂಕರುಗಳ ಓಟ ಹೆಚ್ಚು, ತಿರುವಿನಲ್ಲಿ ಚೆಲ್ಲಿದ ಡೀಸೆಲ್ ಕಣ್ಣಿಗೆ ಕಾಣುವುದಿಲ್ಲ. ಚಾರ್ಮಾಡಿಯಲ್ಲಿ ಮಂಜು. ಹೆಲ್ಮೆಟ್ಟಿನ ಗಾಜಿಗೆ ಹೊರಗಿನಿಂದ ಮಂಜು, ಒಳಗಿನಿಂದ ಉಸಿರು. ಗಾಜು ಎತ್ತಿದರೆ ಕಣ್ಣಿಗೆ ಹನಿ ಹೊಡೆಯುತ್ತದೆ. ಚಾಲಕರು ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ನಿಲ್ಲಿಸಿ ಕೈಮುಗಿಯುವುದು ಅಲ್ಲಿನ ವಾಡಿಕೆ. ಭಕ್ತಿ ಇಲ್ಲದವರಿಗೂ ಆ ಎರಡು ನಿಮಿಷದ ನಿಲುಗಡೆ ಲಾಭವೇ: ಬ್ರೇಕು ತಣಿಯುತ್ತದೆ, ಗಾಜು ಒರೆಸಬಹುದು.

ಈ ಸವಾರಿಗೆ ಕಾಲ ನವೆಂಬರಿನಿಂದ ಜನವರಿ. ಮಳೆಗಾಲದಲ್ಲಿ ಯಾವ ಘಾಟಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದೇ ಹೊರಡುವ ಮುಂಚಿನ ಪ್ರಶ್ನೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಗುಡ್ಡಗಳು ಕುಸಿದು ಸಂಪಾಜೆ-ಮಡಿಕೇರಿ ದಾರಿಯೇ ಕಡಿದುಹೋಯಿತು. ಮರುವರ್ಷ, ಅದೇ ತಿಂಗಳಲ್ಲಿ, ಚಾರ್ಮಾಡಿಯ ಸರದಿ. ಸಾಹಸಕ್ಕೂ ಸಾವಿಗೂ ನಡುವಿನ ಗೆರೆಯನ್ನು ಮಳೆಗಾಲದ ಗುಡ್ಡ ಕೇಳಿ ಎಳೆಯುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಶಿವರಾತ್ರಿಯ ಮುಂಚಿನ ವಾರದಲ್ಲಿ ಇನ್ನೊಂದು ಎಚ್ಚರ ಬೇಕು: ಘಟ್ಟದ ಮೇಲಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ಸಾವಿರಾರು ಮಂದಿ ಚಾರ್ಮಾಡಿ, ಶಿರಾಡಿಗಳ ಅಂಚಿನಲ್ಲಿ ಹಗಲೂ ರಾತ್ರಿಯೂ ನಡೆಯುತ್ತಿರುತ್ತಾರೆ. ಆ ದಿನಗಳಲ್ಲಿ ಘಾಟಿ ನಡೆಯುವವರದ್ದು, ಬೈಕಿನವರು ಬೇರೆ ತಾರೀಕು ನೋಡಿಕೊಳ್ಳಬೇಕು.

ಗಾಡಿಯ ಬಗ್ಗೆ ಹೇಳುವುದು ಕಡಿಮೆ ಇದೆ, ಸವಾರರು ಮಾತಾಡುವುದು ಮಾತ್ರ ಇದರ ಬಗ್ಗೆಯೇ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳು ಈ ಘಾಟಿಗಳನ್ನು ಹತ್ತಿವೆ, ನೂರು ಸಿಸಿಯ ಗಾಡಿಗಳೂ ಹತ್ತುತ್ತವೆ. ಟೈರಿನ ಗಾಳಿ, ಚೈನಿನ ಬಿಗಿ, ಬ್ರೇಕ್ ಪ್ಯಾಡು, ಇಂಜಿನ್ ಆಯಿಲು ಇಷ್ಟನ್ನು ಹಿಂದಿನ ದಿನ ನೋಡಿಕೊಂಡು, ಒಂದು ಕ್ಲಚ್ ಕೇಬಲ್ಲು, ಪಂಕ್ಚರ್ ಸಾಮಾನು ಕಟ್ಟಿಕೊಂಡರೆ ಆಯಿತು. 2019ರ ಏಪ್ರಿಲಿನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ; ಘಟ್ಟದ ಒದ್ದೆ ರಸ್ತೆಯಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಸಲಕರಣೆ ಇದೊಂದು. ಹೊಸ ಟೈರು, ಹೊಸ ಬೂಟು, ಹೊಸ ಹೆಲ್ಮೆಟ್ಟುಗಳನ್ನು ಆ ದಿನವೇ ಉದ್ಘಾಟಿಸಬಾರದು.

ಮೊದಲು ಕೈಕೊಡುವುದು ದೇಹ. ಒಂದೇ ಸಿಲಿಂಡರಿನ ಇಂಜಿನ್ನಿನ ನಡುಕ ಹ್ಯಾಂಡಲಿನಿಂದ ಅಂಗೈಗೆ ಹತ್ತಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಗಾಳಿಗೆ ಬೆವರು ಆರಿಹೋಗುವುದರಿಂದ ಬಾಯಾರಿಕೆ ತಿಳಿಯುವುದಿಲ್ಲ. ಮೂತ್ರಕ್ಕೆ ನಿಲ್ಲಬೇಕಾದೀತೆಂದು ನೀರು ಕುಡಿಯದವನಿಗೆ ಮಧ್ಯಾಹ್ನಕ್ಕೆ ತಲೆನೋವು ಖಚಿತ. ಬೊಂಡ, ಮಜ್ಜಿಗೆ, ಪುನರ್ಪುಳಿ ಶರಬತ್ತು ಈ ದಾರಿಯಲ್ಲಿ ಎಲ್ಲೆಲ್ಲೂ ಸಿಗುತ್ತವೆ. ಊಟ ಅರ್ಧಕ್ಕೆ ನಿಲ್ಲಬೇಕು. ಕುಚ್ಚಲಕ್ಕಿ ಅನ್ನ, ಮೀನು ಸಾರು ಹೊಟ್ಟೆ ತುಂಬ ಉಂಡು ಎರಡು ಗಂಟೆಯ ಬಿಸಿಲಿಗೆ ಬೈಕು ಹತ್ತಿದವನು ಮುಂದಿನ ಅರ್ಧ ಗಂಟೆಯನ್ನು ಕಣ್ಣುಬಿಟ್ಟುಕೊಂಡೇ ನಿದ್ದೆಯಲ್ಲಿ ಕಳೆಯುತ್ತಾನೆ.

ನಿದ್ದೆಯೇ ಈ ಸವಾರಿಯ ದೊಡ್ಡ ವೈರಿ. ಆಸ್ಟ್ರೇಲಿಯದ ಸಂಶೋಧಕರಾದ ಡಾಸನ್ ಮತ್ತು ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, 17 ಗಂಟೆ ಎಚ್ಚರವಿದ್ದವನ ಕೈಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯಸಾರ ಇರುವವನಷ್ಟು ಕುಗ್ಗಿರುತ್ತದೆ. 24 ಗಂಟೆಯಾದರೆ ಶೇ 0.10ರಷ್ಟು. ಭಾರತದಲ್ಲಿ ವಾಹನ ಓಡಿಸಲು ಕಾನೂನಿನ ಮಿತಿ ಶೇ 0.03. ಮುಂಜಾನೆ ಮೂರಕ್ಕೆ ಎದ್ದವನು ರಾತ್ರಿ ಎಂಟು ದಾಟುವಾಗ, ಅಂದರೆ ಹೆಬ್ರಿಯ ಸುಮಾರಿಗೆ, ಹನಿ ಕುಡಿಯದೆಯೂ ಕುಡುಕನ ಸ್ಥಿತಿಗೆ ಬಂದಿರುತ್ತಾನೆ. ಉತ್ಸಾಹದಲ್ಲಿ ಹಿಂದಿನ ರಾತ್ರಿ ನಿದ್ದೆ ಮಾಡದವನ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ. ಅರೆಕ್ಷಣದ ತೂಕಡಿಕೆ ಹೇಳಿ ಬರುವುದಿಲ್ಲ. ಗಂಟೆಗೆ 60ರಲ್ಲಿ ಹೋಗುವ ಬೈಕು ನಾಲ್ಕು ಸೆಕೆಂಡಿನಲ್ಲಿ 67 ಮೀಟರ್ ದಾಟುತ್ತದೆ; ಈ ಸೀಮೆಯಲ್ಲಿ ಅಷ್ಟು ದೂರ ನೆಟ್ಟಗಿರುವ ರಸ್ತೆ ಅಪರೂಪ. ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ಇದು ಗೊತ್ತು: ಬೆಳಗಿನ ಜಾವದಲ್ಲಿ ಎಂಥ ವೇಷ ರಂಗಕ್ಕೆ ಬಂದರೂ ಕಣ್ಣು ಸೋಲುತ್ತದೆ, ಚೆಂಡೆಯ ಸದ್ದಿಗೆ ಬೆಚ್ಚಿ ಎಚ್ಚರಾಗುವಾಗ ಒಂದು ಪದ್ಯ ದಾಟಿರುತ್ತದೆ. ಅಲ್ಲಿ ಕುರ್ಚಿಯ ಮೇಲೆ ಕುಳಿತಿರುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಚಹಾ, ಕಾಫಿ ನಿದ್ದೆಯನ್ನು ಸ್ವಲ್ಪ ಹೊತ್ತು ಮುಂದೂಡುತ್ತವೆ. ಇಪ್ಪತ್ತು ನಿಮಿಷ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಲಗುವುದು ಅದಕ್ಕಿಂತ ಒಳ್ಳೆಯ ಮದ್ದು.

ಇಂಥ ಸವಾರಿಗೆ ಗೆಳೆಯರು ಬೇಕು, ಆದರೆ ತುಂಬ ಬೇಡ. ಮೂವರು ನಾಲ್ವರು ಸರಿ. ಆರು ಮಂದಿಯಾದರೆ ಹೋಟೆಲಿನಲ್ಲಿ ಬಿಲ್ಲು ಕೊಡುವುದಕ್ಕೇ ಕಾಲು ಗಂಟೆ. ದಾರಿ ಬಲ್ಲವನು ಮುಂದೆ; ಎಲ್ಲರಿಗಿಂತ ನಿಧಾನದವನು ಅವನ ಬೆನ್ನಿಗೆ; ರಿಪೇರಿ ಬಲ್ಲವನು ಕೊನೆಗೆ. ನಿಧಾನದವನನ್ನು ಕೊನೆಗೆ ಹಾಕಿದರೆ ಅವನು ಎಲ್ಲರನ್ನೂ ಹಿಡಿಯುವ ಆತುರದಲ್ಲಿ ತನ್ನ ಶಕ್ತಿ ಮೀರಿ ಓಡಿಸುತ್ತಾನೆ. ಒಬ್ಬರ ಹಿಂದೆ ಒಬ್ಬರು ನೇರ ಗೆರೆಯಲ್ಲಿ ಹೋಗದೆ ಎಡ ಬಲ ತಪ್ಪಿಸಿ, ನಡುವೆ ಎರಡು ಸೆಕೆಂಡಾದರೂ ಅಂತರ ಬಿಟ್ಟು ಹೋಗುವುದು ಎಲ್ಲ ಕಡೆಯ ಪದ್ಧತಿ. ಘಾಟಿಯ ತಿರುವಿನಲ್ಲಿ ಮಾತ್ರ ಒಂದೇ ಸಾಲು. ಪೆಟ್ರೋಲ್ ಹಾಕುವುದು ಚಿಕ್ಕ ಟ್ಯಾಂಕಿನವನ ಲೆಕ್ಕದಂತೆ. ಘಾಟಿಯೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲದಿರುವುದರಿಂದ ಪ್ರತಿ ಘಾಟಿಯ ತುದಿಯಲ್ಲೂ ಬುಡದಲ್ಲೂ ಎಲ್ಲರೂ ಕೂಡುವ ಜಾಗವನ್ನು ಮೊದಲೇ ಗೊತ್ತುಮಾಡಬೇಕು.

ಜಗಳ ಬರುವುದು ಬೇರೆ ವಿಷಯಕ್ಕೆ. ಒಬ್ಬನಿಗೆ ಕಲ್ಲಡ್ಕದಲ್ಲಿ ನಿಂತು ಹಾಲು ಕೆಳಗೆ, ಡಿಕಾಕ್ಷನ್ ಮೇಲೆ ಬೇರೆಬೇರೆಯಾಗಿ ನಿಲ್ಲುವ ಕೆ.ಟಿ. (ಕಲ್ಲಡ್ಕ ಟೀ) ಕುಡಿಯಲೇಬೇಕು, ಇನ್ನೊಬ್ಬನಿಗೆ ಹೊರಟು ಅರ್ಧ ಗಂಟೆಯೂ ಆಗಿಲ್ಲವಲ್ಲ ಎಂಬ ಸಿಟ್ಟು. ಮಡಿಕೇರಿಯಲ್ಲಿ ಫೋಟೊ, ಸಕಲೇಶಪುರದಲ್ಲಿ ಯಾರದ್ದೋ ಅತ್ತೆಯ ಮನೆ. ಮಧ್ಯಾಹ್ನದ ಮೇಲೆ ಮಾತು ಕಡಿಮೆಯಾಗುತ್ತದೆ. ಮಾತು ಪೂರ್ತಿ ನಿಂತವನನ್ನು ಉಳಿದವರು ಗಮನಿಸಬೇಕು. ದಣಿವಿನ ಮೊದಲ ಗುರುತು ಅದು. ಹೆಲ್ಮೆಟ್ಟಿನ ಬಕ್ಕಲು ಹಾಕಲು ತಡಕಾಡುವುದು, ಇಂಡಿಕೇಟರ್ ಆರಿಸಲು ಮರೆಯುವುದು, ನಿಲ್ಲಿಸಿದ ಬೈಕು ವಾಲಿಸಿಬಿಡುವುದು ಆಮೇಲಿನ ಗುರುತುಗಳು. ಅಂಥವನಿಗೆ ‘ಇನ್ನೆಷ್ಟು ಮಾರಾಯಾ, ಹತ್ತು ಕಿಲೋಮೀಟರ್’ ಎಂದು ಹುರುಪು ತುಂಬುವವನು ಗೆಳೆಯನಲ್ಲ. ಒಬ್ಬ ಸಾಕು ಎಂದರೆ ಎಲ್ಲರಿಗೂ ಸಾಕು ಎಂಬ ಮಾತು ಹೊರಡುವ ಮೊದಲೇ ಆಗಿರಬೇಕು. ಬೆಳ್ತಂಗಡಿಯಲ್ಲಿ ನಾಲ್ಕು ಘಾಟಿಗೆ ಮುಗಿಸಿದ ಗುಂಪು ಸೋತದ್ದೇನೂ ಅಲ್ಲ. ಮಾಳದ ಘಾಟಿ ಮುಂದಿನ ಡಿಸೆಂಬರಿಗೂ ಅಲ್ಲೇ ಇರುತ್ತದೆ.

ಆರು ಘಾಟಿಯ ಸುತ್ತಿಗೆ ಸರ್ಟಿಫಿಕೇಟು ಕೊಡುವ ಸಂಘ ಇಲ್ಲ, ಬೇಕಾಗಿಯೂ ಇಲ್ಲ. ಮುಗಿಸಿದವರು ಮಾಡಬಾರದ ಒಂದು ಕೆಲಸವಿದೆ. ರಾತ್ರಿ ಹತ್ತೂಕಾಲಕ್ಕೆ ಬಿ.ಸಿ. ರೋಡು ಮುಟ್ಟಿ, ಬೆನ್ನು ತಟ್ಟಿಕೊಂಡು, ಗೆದ್ದೆವೆಂಬ ನಿರಾಳದಲ್ಲಿ ಒಬ್ಬ ವಿಟ್ಲಕ್ಕೆ, ಒಬ್ಬ ಪುತ್ತೂರಿಗೆ, ಒಬ್ಬ ಮಂಗಳೂರಿಗೆ ಬೈಕು ತಿರುಗಿಸುವುದು. ಎಚ್ಚರ ಸಡಿಲಾದ ಆ ಕೊನೆಯ ಇಪ್ಪತ್ತು ಮೂವತ್ತು ಕಿಲೋಮೀಟರಿನ ಅಪಾಯ ಹಗಲಿನ ಯಾವ ಘಾಟಿಗೂ ಕಡಿಮೆಯಲ್ಲ. ಆದ್ದರಿಂದ ಇಂಥ ಸವಾರಿಗೆ ಹೊರಡುವವರು ಮನೆ ಬಂಟ್ವಾಳದಲ್ಲೇ ಇರುವ, ನಾಲ್ಕು ಚಾಪೆಗೆ ಜಾಗವಿರುವ ಗೆಳೆಯನೊಬ್ಬನನ್ನು ತಪ್ಪದೆ ಸೇರಿಸಿಕೊಳ್ಳಿ. ಅವನಿಗೆ ಬೈಕು ಓಡಿಸಲು ಬಾರದಿದ್ದರೂ ಅಡ್ಡಿಯಿಲ್ಲ.